ರಸ್ತೆ ಪದರಗಳ ಬಿಗಿತ: ದೂರದ ಸೆನ್ಸರ್‌ನಿಂದ ಶುರು ಮಾಡಿ

ಎಫ್‌ಡಬ್ಲ್ಯೂಡಿ (ರಸ್ತೆಗೆ ಹೊಡೆತ ಕೊಟ್ಟು ಅದು ಎಷ್ಟು ತಗ್ಗಿತು ಅಂತ ಅಳೆಯುವ ಯಂತ್ರ) ರೀಡಿಂಗ್ ಕೈಗೆ ಬಂದ ಕೂಡಲೇ ನಮ್ಮ ಹುಡುಗರು ಪದರಗಳ ಬಿಗಿತ ಲೆಕ್ಕ ಹಾಕುವ ಸಾಫ್ಟ್‌ವೇರ್ ಕೆಜಿಪಿಬ್ಯಾಕ್ ತೆರೆದು ಕೂರುತ್ತಾರೆ. ಸ್ವಲ್ಪ ತಡೀರಿ. ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ.

ಯಂತ್ರ ಮಾಡುವುದಿಷ್ಟೇ. 300 ಮಿ.ಮೀ. ವ್ಯಾಸದ ತಟ್ಟೆಯ ಮೇಲೆ ತೂಕ ಬೀಳಿಸಿ ಸುಮಾರು 40 ಕಿಲೋನ್ಯೂಟನ್ ಹೊಡೆತ ಕೊಡುತ್ತದೆ. ರಸ್ತೆ ಎಲ್ಲೆಲ್ಲಿ ಎಷ್ಟು ತಗ್ಗಿತು ಅಂತ ಸಾಲಾಗಿಟ್ಟ ಜಿಯೋಫೋನ್ ಎಂಬ ಸೆನ್ಸರ್‌ಗಳು ಅಳೆಯುತ್ತವೆ. ಹೊಡೆತ ಕರೆಕ್ಟಾಗಿ 40 ಬೀಳುವುದು ಅಪರೂಪ. 42 ಬಿದ್ದಿದ್ದರೆ ರೀಡಿಂಗ್‌ಗಳನ್ನು 40/42ರಿಂದ ಗುಣಿಸಿ.

ಹೊಡೆತ ಕೆಳಗಿಳಿದ ಹಾಗೆ ಹರಡುತ್ತದೆ. ಹಾಗಾಗಿ ದೂರದ ಸೆನ್ಸರ್ ತೋರಿಸುವ ತಗ್ಗು ಹೆಚ್ಚುಕಡಿಮೆ ಬುಡದ ಮಣ್ಣಿನದ್ದೇ. ಆ ಮಣ್ಣಿನ ಮಾಡ್ಯುಲಸ್, ಅಂದರೆ ಬಿಗಿತದ ಅಳತೆ, ಹೀಗೆ ಸಿಗುತ್ತದೆ. ಹೊಡೆತವನ್ನು ನ್ಯೂಟನ್‌ನಲ್ಲಿ ಹಿಡಿದು 0.24ರಿಂದ ಗುಣಿಸಿ. ಅದನ್ನು ತಟ್ಟೆಯ ನಡುವಿನಿಂದ ಸೆನ್ಸರ್‌ಗಿರುವ ದೂರ ಮತ್ತು ತಗ್ಗಿನ ಗುಣಲಬ್ಧದಿಂದ ಭಾಗಿಸಿ, ಎರಡೂ ಮಿ.ಮೀ.ನಲ್ಲಿರಲಿ. 1200 ಮಿ.ಮೀ. ದೂರದಲ್ಲಿ 100 ಮೈಕ್ರಾನ್, ಅಂದರೆ 0.1 ಮಿ.ಮೀ., ತಗ್ಗಿದೆ ಅನ್ನಿ. 9600 ಭಾಗಿಸು 120, ಬಂತು 80 ಮೆಗಾಪ್ಯಾಸ್ಕಲ್. ಒಳ್ಳೇ ಮಣ್ಣು.

ಆದರೆ ಗದಗದ ಕಡೆ ಎರೆ ನೆಲದಲ್ಲಿ, ಮಳೆಗಾಲ ಮುಗಿದ ಮೇಲೆ, ಇದೇ 80 ಬಂದರೆ ನಾನಂತೂ ಸುಮ್ನೆ ಒಪ್ಪುವುದಿಲ್ಲ. ಸಿಬಿಆರ್ (ಮಣ್ಣಿನ ಗಟ್ಟಿತನದ ಅಳತೆ, ಶೇಕಡಾ ಲೆಕ್ಕ) 2 ಇರುವ ಮಣ್ಣಿಗೆ 20ರ ಆಸುಪಾಸು ಬರಬೇಕು, ಅಲ್ವಾ? ಮೊರಂ ತುಂಬಿದ್ದಾರಾ, ಕೆಳಗೆ ಹತ್ತಿರದಲ್ಲೇ ಬಂಡೆ ಇದೆಯಾ, ನೋಡಿ.

ಆಮೇಲೆ ದಪ್ಪ. ಡ್ರಾಯಿಂಗ್ ನಂಬಬೇಡಿ, ಗುಂಡಿ ತೋಡಿಸಿ ಟೇಪ್ ಹಿಡಿಯಿರಿ. ಡಾಂಬರು ಪದರ ಬಾಗದೆ ನಿಲ್ಲುವುದು ದಪ್ಪದ ಘನದ ಲೆಕ್ಕದಲ್ಲಿ. ನಿಜವಾಗಿ 90 ಮಿ.ಮೀ. ಇರುವುದಕ್ಕೆ ನೀವು 100 ಅಂತ ಕೊಟ್ಟರೆ ಮಾಡ್ಯುಲಸ್ ಸುಮಾರು ಕಾಲು ಭಾಗ ಕಡಿಮೆ ಬರುತ್ತದೆ. ಇದೊಂದು ಕೆಲಸಕ್ಕೆ ಜಿಪುಣತನ ಬೇಡ.

ಡಾಂಬರಿನಲ್ಲಿ 40 ಮಿ.ಮೀ. ಆಳದ ತೂತು ಕೊರೆದು, ಗ್ಲಿಸರಿನ್ ಹಾಕಿ, ಉಷ್ಣತೆ ಬರೆದುಕೊಳ್ಳಿ. ಐಆರ್‌ಸಿ 115ರ (ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ) ಪ್ರಕಾರ ಡಾಂಬರಿನ ಮಾಡ್ಯುಲಸ್ಸನ್ನು 35 ಡಿಗ್ರಿಗೆ ತಿದ್ದಬೇಕು.

ಈಗ ಸಾಫ್ಟ್‌ವೇರ್ ತೆರೆಯಿರಿ. ಲೆಕ್ಕದ ತಗ್ಗು ಅಳೆದ ತಗ್ಗಿಗೆ ಹೊಂದುವ ಮಾಡ್ಯುಲಸ್‌ಗಳನ್ನು ಅದು ನೀವು ಕೊಟ್ಟ ಮಿತಿಯೊಳಗೆ ಹುಡುಕುತ್ತದೆ. ಡಾಂಬರು, ಜಲ್ಲಿ, ಮಣ್ಣು, ಮೂರೇ ಪದರ ಸಾಕು. ಜಲ್ಲಿಗೆ 100ರಿಂದ 500 ಮೆಗಾಪ್ಯಾಸ್ಕಲ್ ಮಿತಿ ಕೊಡಿ. ಮಣ್ಣಿಗೆ ಕೈಲೆಕ್ಕದ ಆಚೀಚೆ ಮಾತ್ರ ಬಿಡಿ. ಲೆಕ್ಕದ ತಗ್ಗು, ಅಳೆದ ತಗ್ಗು ಚೆನ್ನಾಗಿ ಹೊಂದಿದರೂ ಹಿಗ್ಗಬೇಡಿ. ಡಾಂಬರನ್ನು ಏರಿಸಿ ಜಲ್ಲಿಯನ್ನು ಇಳಿಸಿದರೂ ಅದೇ ಹೊಂದಾಣಿಕೆ ಸಿಗಬಹುದು. ಉತ್ತರ ನೀವು ಕೊಟ್ಟ ಮಿತಿಗೇ ಅಂಟಿಕೊಂಡಿದ್ದರೆ ಅದು ಉತ್ತರವಲ್ಲ, ನೀವು ಹಾಕಿದ ಬೇಲಿ. ಡಾಂಬರು 40 ಮಿ.ಮೀ. ಅಷ್ಟೇ ಇದ್ದರೆ ಅದರ ಮಾಡ್ಯುಲಸ್ಸನ್ನು ಈ ರೀಡಿಂಗ್‌ಗಳಿಂದ ಹುಡುಕುವ ಆಸೆಯನ್ನೇ ಬಿಡಿ.