ಫ್ರೇಸಲ್ ವರ್ಬ್ ಬೆನ್ನಿಗೆ ಬರುವ ಪ್ರಿಪೋಸಿಷನ್: ನನ್ನ ಬ್ಯಾಚಿನಲ್ಲಿ ಕೊನೆಗೂ ಕೂತಿದ್ದು ಹೀಗೆ

ದಾವಣಗೆರೆಯಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ಟೆನ್ಸ್ ದಾಟಿಸುತ್ತಿದ್ದೆ, ಪ್ಯಾಸಿವ್ ವಾಯ್ಸ್ ದಾಟಿಸುತ್ತಿದ್ದೆ. ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಅಪ್, ಔಟ್ ಥರದ ಪದ ಸೇರಿ ಬೇರೆ ಅರ್ಥ ಕೊಡುವಂಥದ್ದು, ಬಂತು ಅಂದರೆ ಬ್ಯಾಚು ಕೈಕೊಡುತ್ತಿತ್ತು. ಅದರಲ್ಲೂ ಮೂರು ಪದದವು: ರನ್ ಔಟ್ ಆಫ್ (ಖಾಲಿ ಆಗು), ಕೀಪ್ ಅಪ್ ವಿತ್ (ಸರಿಸಮನಾಗಿ ಸಾಗು), ಕಟ್ ಡೌನ್ ಆನ್ (ಕಡಿಮೆ ಮಾಡು). ಮೊದಲ ಎರಡು ಪದ ಬಾಯಿಗೆ ಬರುತ್ತಿದ್ದವು, ಮೂರನೆಯದು, ಅಂದರೆ ಆಫ್, ವಿತ್, ಆನ್ ಥರದ ಪ್ರಿಪೋಸಿಷನ್, ಹಾರಿಹೋಗುತ್ತಿತ್ತು. ಆ ಮೂರನೆಯದನ್ನು ಕನ್ನಡದ ವಿಭಕ್ತಿ ಹಿಡಿದು ಕೂರಿಸುತ್ತೇನೆ ಅಂದಾಗ ಊರಿನ ಇಬ್ಬರು ಮೂವರು ಮೇಷ್ಟ್ರುಗಳು ಒಪ್ಪಲಿಲ್ಲ. "ಕ್ಲಾಸಿಗೆ ಕನ್ನಡ ತಂದ್ರೆ ಇಂಗ್ಲಿಷ್ ಹೋಯ್ತು ಅಂತಾನೇ ಲೆಕ್ಕ ಸಾರ್" ಅಂದರು. ಈಗ ಅವರಲ್ಲೇ ಒಬ್ಬರು ಫೋನ್ ಮಾಡಿ ನೋಟ್ಸ್ ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದದ್ದನ್ನು ಹೇಳಿಬಿಡುತ್ತೇನೆ. ಒಂದು ಕಂಪನಿಯ ಕಿಟ್ ತರಿಸಿದ್ದೆ, ಸುಮಾರು 4,500 ರೂಪಾಯಿ. ನೂರಾರು ಫ್ರೇಸಲ್ ವರ್ಬ್ ಕಾರ್ಡು, ಎಲ್ಲ ಎ, ಬಿ, ಸಿ ಅಕ್ಷರದ ಸಾಲಿನಲ್ಲಿ. ಒಂದೇ ದಿನ ಬ್ರೇಕ್ ಅಪ್ ವಿತ್, ಬ್ರೇಕ್ ಔಟ್ ಆಫ್, ಬ್ರೇಕ್ ಇನ್‌ಟು ಹೇಳಿಕೊಟ್ಟರೆ ಮರುದಿನಕ್ಕೆ ಎಲ್ಲ ಕಲಸುಮೇಲೋಗರ. ಆಮೇಲೆ ಫ್ಲೆಕ್ಸ್ ಚಾರ್ಟ್ ಮಾಡಿಸಿದೆ. ಅದಕ್ಕೆ ಹತ್ತಿರ ಹತ್ತಿರ 3,000 ಹೋಯಿತು. ಗೋಡೆ ತುಂಬಿತು, ತಲೆ ತುಂಬಲಿಲ್ಲ. ಆಗ ಎರಡು ತಿಂಗಳ ಫೀಸು 1,500, ಹಾಲ್ ಬಾಡಿಗೆ ತಿಂಗಳಿಗೆ 6,000. ಬ್ಯಾಚಿನಲ್ಲಿ ಜನ ಕಡಿಮೆ ಆದರೆ ಕೈಯಿಂದ ಹಾಕಬೇಕು. ಸರಿಯಾಗಿ ಫ್ರೇಸಲ್ ವರ್ಬ್ ವಾರದಲ್ಲೇ ಜನ ಉದುರುತ್ತಿದ್ದರು. ಕೆಲವರು ಅರ್ಧ ಫೀಸು ವಾಪಸ್ ಕೇಳಿದ್ದೂ ಇದೆ.

ದಾರಿ ಸಿಕ್ಕಿದ್ದು ಒಬ್ಬ ಲೋನ್ ಕಲೆಕ್ಷನ್ ಹುಡುಗನಿಂದ. ದಿನವಿಡೀ ಅವನ ಬಾಯಲ್ಲಿ 'ಫಾಲೋ ಅಪ್'. ಇಂಗ್ಲಿಷಿನಲ್ಲಿ ಹೇಳು ಅಂದರೆ "ಐ ಫಾಲೋಡ್ ಅಪ್ ದ ಕಸ್ಟಮರ್ ದ ಇಎಂಐ" ಅಂತ ನಿಂತುಬಿಟ್ಟ. ನಿನ್ನ ಮ್ಯಾನೇಜರಿಗೆ ಕನ್ನಡದಲ್ಲಿ ಹೇಗೆ ಹೇಳ್ತೀಯ ಅಂದೆ. "ಕಸ್ಟಮರ್ ಜೊತೆ ಫಾಲೋ ಅಪ್ ಮಾಡ್ದೆ ಸಾರ್, ಇಎಂಐ ಬಗ್ಗೆ" ಅಂದ. ಬೋರ್ಡಿನ ಮೇಲೆ ಅದನ್ನೇ ಬರೆದು 'ಜೊತೆ'ಗೆ ಒಂದು ಗೆರೆ, 'ಬಗ್ಗೆ'ಗೆ ಒಂದು ಗೆರೆ ಎಳೆದೆ. ಜೊತೆ ಇದ್ದಲ್ಲಿ ವಿತ್, ಬಗ್ಗೆ ಇದ್ದಲ್ಲಿ ಆನ್. "ಐ ಫಾಲೋಡ್ ಅಪ್ ವಿತ್ ದ ಕಸ್ಟಮರ್ ಆನ್ ದ ಇಎಂಐ." ಆಮೇಲೆ ಅವನು ಅದನ್ನು ಬಿಡಲಿಲ್ಲ.

ಅಂದರೆ ಈ ಮಕ್ಕಳಿಗೆ ಫ್ರೇಸಲ್ ವರ್ಬ್ ಹೊಸದಲ್ಲ. 'ಮಾಡು', 'ಆಗು' ಸೇರಿಸಿ ಆಗಲೇ ಕನ್ನಡ ಮಾಡಿಕೊಂಡಿದ್ದಾರೆ. ಪೋರ್ಟಲ್‌ಗೆ ಲಾಗಿನ್ ಆಗು. ಕಾಲೇಜಿಂದ ಡ್ರಾಪ್ ಔಟ್ ಆದ. ಸ್ಟೇಷನ್ನಿಂದ ಪಿಕಪ್ ಮಾಡು. ಅವಳ ಜೊತೆ ಬ್ರೇಕಪ್ ಆಯ್ತು. ಇಂಗ್ಲಿಷಿನ ಪ್ರಿಪೋಸಿಷನ್ ಮಾಡುವ ಕೆಲಸವನ್ನು ಇಲ್ಲಿ ನಮ್ಮ ವಿಭಕ್ತಿ, ಇಲ್ಲವೇ 'ಜೊತೆ', 'ಬಗ್ಗೆ' ಥರದ ಪದ ಮಾಡುತ್ತಿದೆ, ಅಷ್ಟೇ. ಲಾಗ್ ಇನ್ ಟು, ಡ್ರಾಪ್ ಔಟ್ ಆಫ್, ಪಿಕ್ ಅಪ್ ಫ್ರಮ್, ಬ್ರೇಕ್ ಅಪ್ ವಿತ್. ಕಿಟ್ ಮೂಲೆಗೆ ಹಾಕಿ, ಅವರ ಬಾಯಲ್ಲಿ ಆಗಲೇ ಓಡಾಡುವ ನಲವತ್ತೋ ಐವತ್ತೋ ಕ್ರಿಯಾಪದ ಬರೆಸಿದೆ. ಖರ್ಚು ಒಂದು ನೋಟ್‌ಬುಕ್ಕಿನದು.

ಎಲ್ಲ ಸಲೀಸಾಗಿ ಕೂರಲ್ಲ. 'ಗೆ' ದೊಡ್ಡ ತಲೆನೋವು. ಪೋರ್ಟಲ್‌ಗೆ ಲಾಗಿನ್ ಆದರೆ ಟು, ಕೋರ್ಸ್‌ಗೆ ಸೈನ್ ಅಪ್ ಆದರೆ ಫಾರ್. ಇದನ್ನು ಬಿಡಿಸಲು ಕ್ರಿಕೆಟ್ ಹಿಡಿದು ಒಂದು ಪ್ರಯೋಗ ಮಾಡಿದೆ. 2024ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಲ್ಲೇ ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಆಲೌಟ್ ಆಯಿತಲ್ಲ, ಆ ವಾರ. 46ಕ್ಕೆ ಅಂದರೆ 'ಬೌಲ್ಡ್ ಔಟ್ ಫಾರ್ 46'. ಬೌಲರ್‌ಗೆ ಔಟಾದ ಅಂದರೆ 'ಗಾಟ್ ಔಟ್ ಟು'. ಹುಡುಗರು ಕುಣಿದಾಡಿದರು. ಆದರೆ ಬ್ಯಾಚಿನ ಅರ್ಧದಷ್ಟು ನರ್ಸಿಂಗ್ ಹುಡುಗಿಯರಿಗೆ ಕ್ರಿಕೆಟ್ ಬೇಡ, ಸುಮ್ನೆ ಕೂತಿದ್ದರು. ಪ್ರಯೋಗ ಅಲ್ಲಿಗೇ ನಿಂತಿತು. 'ಗೆ' ಒಡೆಯಲು ಈಗ ನನ್ನ ಹತ್ತಿರ ಬೇರೆ ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬ್ಯಾಚು ನಡೆಯುವುದೇ ಅದರ ಮೇಲೆ.

ಇನ್ನೊಂದು ಗುಂಪು ಕನ್ನಡಕ್ಕೆ ಬಗ್ಗುವುದೇ ಇಲ್ಲ. ಅವನನ್ನ ಸಹಿಸ್ಕೊಂಡೆ ಅಂತೀವಿ, ಇಂಗ್ಲಿಷಿನಲ್ಲಿ 'ಪುಟ್ ಅಪ್ ವಿತ್ ಹಿಮ್'. ಇಲ್ಲಿ ವಿತ್ ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಸರ್ಕಾರಿ ಆಫೀಸಿನಿಂದ ಬಂದವರಿಗಂತೂ 'ಪುಟ್ ಅಪ್' ಅಂದರೆ ಸಾಹೇಬರ ಮುಂದೆ ಫೈಲ್ ಮಂಡಿಸುವುದು! ಇಂಥವಕ್ಕೆ ಬೇರೆ ಪುಟ, ಬರೀ ಬಾಯಿಪಾಠ. ಎದುರು ನೋಡುವುದೂ ('ಲುಕ್ ಫಾರ್ವರ್ಡ್ ಟು') ಅದೇ ಪುಟದಲ್ಲಿದೆ. ಕೆಲಸದ ಅರ್ಜಿಗಳಲ್ಲೆಲ್ಲ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ' ಅಂತ ಇರುತ್ತೆ, ಅಲ್ವಾ? ಅದು ತಪ್ಪು. ಟು ಮುಂದೆ 'ಇಟ್' ಇಟ್ಟು ನೋಡಿ ಅಂತೀನಿ. 'ಲುಕ್ ಫಾರ್ವರ್ಡ್ ಟು ಇಟ್' ಸರಿಯಾಗಿ ಕೂರುತ್ತೆ. ಇಟ್ ಕೂತ ಜಾಗದಲ್ಲಿ ಕ್ರಿಯಾಪದ ಬಂದರೆ 'ಮೀಟ್' ಅಲ್ಲ, 'ಮೀಟಿಂಗ್' ಆಗಲೇಬೇಕು.

ಗ್ಯಾಸ್ ಖಾಲಿ ಆಗುವ ಮಾತಿಗೆ ಒಂದಿಡೀ ಕ್ಲಾಸ್ ಕೊಡುತ್ತೇನೆ. ಗ್ಯಾಸ್ ಖಾಲಿ ಆಯ್ತು ಅಂದಾಗ ನಮ್ಮಲ್ಲಿ ಮನುಷ್ಯರ ಸುದ್ದಿಯೇ ಇಲ್ಲ. ಅದೇ ಲೆಕ್ಕದಲ್ಲಿ 'ದ ಗ್ಯಾಸ್ ಹ್ಯಾಸ್ ರನ್ ಔಟ್ ಆಫ್' ಅಂತಾರೆ. ಮುಂದೆ ವಸ್ತು ಇಲ್ಲದಿದ್ದರೆ ಆಫ್ ಬೇಡ: 'ದ ಗ್ಯಾಸ್ ಹ್ಯಾಸ್ ರನ್ ಔಟ್'. ವಸ್ತು ಬಂದರೆ ಆಫ್ ಬೇಕು: 'ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್'. 'ಕೀಪ್ ಅಪ್' ಅಂತ ಒಂಟಿಯಾಗಿ ಹೇಳಬಹುದು, 'ಮಿ' ಸೇರಿಸಿದರೆ ನಡುವೆ ವಿತ್ ಬೇಕು. ಇದೊಂದು ಹಿಡಿದರೆ ಅರ್ಧ ತಪ್ಪು ನಿಲ್ಲುತ್ತೆ.

ನಡುವೆ ಉಚ್ಚಾರದ ಒತ್ತಿನ ಮೇಲೂ ಕೈಯಾಡಿಸಿದೆ. ರನ್ ಔಟ್ ಆಫ್ ಅನ್ನುವಾಗ ಭಾರ ಬೀಳುವುದು ಔಟ್ ಮೇಲೆ. ಆಫ್ ಸಣ್ಣಗೆ 'ಅವ್' ಅಂತ ಜಾರುತ್ತೆ. ಕಿವಿಗೆ ಬೀಳದ್ದು ಬಾಯಿಗೆ ಬರೋದು ಹೇಗೆ? ನಡುವಿನ ಪದಕ್ಕೆ ಬೆಂಚು ತಟ್ಟಿಸಿದೆ, ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ನೋಟ್ ಕಳಿಸಲು ಹೇಳಿದೆ. ಕೇಳಿಸಿಕೊಳ್ಳುವುದು ಜಾಸ್ತಿ ಆಯಿತು, ಮಾತಿನಲ್ಲಿ ಅಂಥ ಫರಕು ಕಾಣಲಿಲ್ಲ. ಬೆಂಚು ತಟ್ಟುವುದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

'ಕೋಪ್ ಅಪ್ ವಿತ್' ಬಗ್ಗೆ ಎಚ್ಚರ ಇರಲಿ. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್ ಒಟ್ಟಿಗೆ ಕಲಿಸಿದರೆ ಕೋಪ್‌ಗೂ ಒಂದು ಅಪ್ ಅಂಟಿಸಿಕೊಂಡು ಬರುತ್ತಾರೆ. ಅದು ಬರೀ ಕೋಪ್ ವಿತ್ (ನಿಭಾಯಿಸು). ಈ ಮೂರನ್ನೂ ಒಂದೇ ವಾರದಲ್ಲಿ ತರಬೇಡಿ.

ಈಗ ಫೀಸು 2,200, ಬ್ಯಾಚಿನಲ್ಲಿ ಇಪ್ಪತ್ತರ ಆಸುಪಾಸು ಜನ, ವಾಪಸ್ ಕೇಳುವವರು ಇಲ್ಲವೇ ಇಲ್ಲ ಅನ್ನಬಹುದು. ನೀವು ಶುರು ಮಾಡುವುದಾದರೆ ಲಾಗಿನ್ ಮತ್ತು ಫಾಲೋ ಅಪ್‌ನಿಂದ ಶುರು ಮಾಡಿ, ಸಹಿಸಿಕೊಳ್ಳುವ 'ಪುಟ್ ಅಪ್ ವಿತ್' ಅನ್ನು ಐದನೇ ವಾರಕ್ಕೆ ಇಡಿ. ವಾಕ್ಯಗಳನ್ನು ಅವರ ಬಾಯಿಂದಲೇ ತೆಗೆಸಿ. ನನ್ನ ನಲವತ್ತು ಕ್ರಿಯಾಪದ ನಿಮ್ಮ ಊರಿನ ಗಾರ್ಮೆಂಟ್ಸ್ ಹುಡುಗಿಯರಿಗೆ ಆಗಲಿಕ್ಕಿಲ್ಲ.