ಮೊದಲು ಕಿವಿ, ಆಮೇಲೆ ಅಕ್ಷರ

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ನಾನು ಓದು ಬರಹ ಕಲಿಸುತ್ತೇನೆ. ಹೊಸ ಮಗು ಸೇರಿದ ಕೂಡಲೇ ಅಪ್ಪ ಅಮ್ಮನನ್ನು ಒಂದು ಮಾತು ಕೇಳುತ್ತೇನೆ: ಕಿವಿ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿಸಿದ್ರಿ?

"ಬೇಕಾದಾಗ ಮಾತ್ರ ಕೇಳಿಸುತ್ತೆ ಇವಳಿಗೆ, ಹಠ ಜಾಸ್ತಿ" ಎಂದು ಹೇಳುವವರು ಬಹಳ ಜನ. ಈ ಮಕ್ಕಳ ಕಿವಿಯ ಒಳದಾರಿ ಕಿರಿದು. ನೆಗಡಿಯಾದರೆ ಕಿವಿ ತಮಟೆಯ ಹಿಂದೆ ಅಂಟು ನೀರು ನಿಂತುಬಿಡುತ್ತದೆ. ಒಂದು ವಾರ ಚೆನ್ನಾಗಿ ಕೇಳಿಸುತ್ತದೆ, ಮುಂದಿನ ವಾರ ಅರ್ಧಂಬರ್ಧ. ನೋಡುವವರಿಗೆ ಅದು ಹಠದಂತೆಯೇ ಕಾಣುತ್ತದೆ. ಥೈರಾಯ್ಡ್ ಕಡಿಮೆಯಾದರೂ ಮಗು ಮಂಕಾಗುತ್ತದೆ, ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟುತ್ತಿದ್ದರೆ ಹಗಲೆಲ್ಲ ತೂಕಡಿಕೆ. ಹುಟ್ಟುವಾಗಲೇ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಆ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಕಿವಿ, ಥೈರಾಯ್ಡ್, ನಿದ್ದೆ ಮಾತ್ರ "ಡೌನ್ ಸಿಂಡ್ರೋಮ್ ಅಲ್ವಾ, ಹಾಗೇ ಇರುತ್ತೆ" ಎನ್ನುವ ಮಾತಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದೇ ಡೌನ್ ಸಿಂಡ್ರೋಮ್‌ಗೆ ಕಾರಣ, ಅದನ್ನು ಯಾರೂ ಬದಲಿಸಲಾರರು. ಕಿವಿಗೂ ಥೈರಾಯ್ಡಿಗೂ ಚಿಕಿತ್ಸೆ ಇದೆ.

ಎಂಟು ವರ್ಷದ ಒಬ್ಬ ಹುಡುಗಿಗೆ ಕಿವಿಯ ಚಿಕಿತ್ಸೆ ಆದ ಮೇಲೆ ಓದು ಶುರು ಮಾಡಿದೆವು. ಎರಡೆರಡು ಪದಗಳಲ್ಲೇ ಮಾತು ಮುಗಿಸುತ್ತಿದ್ದಳು. ಈ ಮಕ್ಕಳಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ಉದ್ದದ ವಾಕ್ಯ ಹೇಳಿದರೆ ಕೊನೆ ತಲುಪುವ ಹೊತ್ತಿಗೆ ಮೊದಲಿನದು ಜಾರಿಹೋಗಿರುತ್ತದೆ. ಹಾಗಾಗಿ ವರ್ಣಮಾಲೆಯನ್ನು ಬದಿಗಿಟ್ಟು ಇಡೀ ಪದಗಳಿಂದ ಆರಂಭಿಸಿದೆ. ಅಮ್ಮನ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಅಮ್ಮ'. ಹತ್ತಿರದ್ದು ಮಸುಕಾಗಿ ಕಾಣುವ ಮಕ್ಕಳು ಇವರಲ್ಲಿ ಜಾಸ್ತಿ, ಸಣ್ಣ ಅಕ್ಷರ ಬೇಡವೇ ಬೇಡ.

ಮೊದಲು ಒಂದೇ ರೀತಿಯ ಕಾರ್ಡುಗಳನ್ನು ಜೋಡಿಸುವುದು. ಆಮೇಲೆ "ಅಮ್ಮ ಕೊಡು" ಎಂದಾಗ ಸರಿಯಾದ ಕಾರ್ಡು ಎತ್ತಿಕೊಡುವುದು. ಅವಳೇ ಓದಿ ಹೇಳುವುದು ಕೊನೆಗೆ. ಕೈ ತಪ್ಪು ಕಾರ್ಡಿನತ್ತ ಹೋಗುವ ಮೊದಲೇ ಸರಿಯಾದದ್ದನ್ನು ಮುಂದೆ ಸರಿಸುತ್ತಿದ್ದೆ. ಬರುವುದಿಲ್ಲ ಅನ್ನಿಸಿದರೆ ಸಾಕು, ನಕ್ಕು, ಚಪ್ಪಾಳೆ ತಟ್ಟಿ ನಮ್ಮ ಗಮನವನ್ನೇ ಬೇರೆಡೆ ತಿರುಗಿಸುವುದು ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕಾಯುತ್ತೇನೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ನಡುವೆ ಪ್ರಶ್ನೆಯನ್ನು ಇನ್ನೊಂದು ರೀತಿ ಕೇಳಿದರೆ ಪಾಪ, ಅವಳು ಮತ್ತೆ ಮೊದಲಿನಿಂದ ಯೋಚಿಸಬೇಕು. ಮಾತಿನ ಜೊತೆ ಕೈಸನ್ನೆಯನ್ನೂ ಬಳಸಿದೆವು. ಸನ್ನೆ ಕಲಿತರೆ ಮಾತೇ ಬರುವುದಿಲ್ಲ ಎಂದು ಮನೆಯವರಿಗೆ ಭಯವಿತ್ತು. ಮಾತು ಬಂದ ಹಾಗೆಲ್ಲ ಸನ್ನೆಗಳನ್ನು ಅವಳೇ ಬಿಡುತ್ತಾ ಹೋದಳು. ಪದಗಳ ರಾಶಿ ಬೆಳೆದ ಮೇಲೆ ಅವುಗಳನ್ನೇ ಒಡೆದು ಅಕ್ಷರ, ಕಾಗುಣಿತ ಕಲಿತಳು. ಬರೆದ ವಾಕ್ಯ ಕಣ್ಣ ಮುಂದೆ ಇದ್ದಾಗ ಪೂರ್ತಿಯಾಗಿ ಹೇಳುತ್ತಿದ್ದಳು. ಹಾಗೆ ಓದಿದ ವಾಕ್ಯಗಳೇ ನಿಧಾನವಾಗಿ ಅವಳ ಮಾತಿಗೂ ಬಂದವು.

ತರಗತಿಯ ಮಕ್ಕಳು ಒಳ್ಳೆಯವರೇ, ಆದರೆ ವಿಪರೀತ ಸಹಾಯ. ಚೀಲ ಹೊರುವುದು, ಶೂ ಕಟ್ಟುವುದು, ಅವಳ ಪರವಾಗಿ ಉತ್ತರ ಹೇಳುವುದು. ಅವಳಿಗೆ ಎಲ್ಲರ ಹೆಸರು ಓದಲು ಕಲಿಸಿದೆ. ಶಿಕ್ಷಕಿ ನೋಟ್‌ಬುಕ್ ಹಂಚುವ ಕೆಲಸವನ್ನು ಅವಳಿಗೆ ಒಪ್ಪಿಸಿದರು. ಹೆಸರು ಓದಿ ಕರೆದಳು, ಮಕ್ಕಳು ಎದ್ದು ಬಂದು ತೆಗೆದುಕೊಂಡರು. ಸ್ವಲ್ಪ ದಿನಕ್ಕೆ "ನನ್ನ ಬುಕ್ ಎಲ್ಲಿ?" ಎಂದು ಅವಳನ್ನೇ ಕೇಳತೊಡಗಿದರು. ಕರುಣೆಯ ಪಾಠ ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ದೊಡ್ಡವರ ಜೊತೆ ಇನ್ನೂ ಕಷ್ಟ. ಅವಳು ಎದುರಿಗೇ ಇದ್ದರೂ "ಇವಳ ಹೆಸರೇನು?" ಎಂದು ನನ್ನನ್ನು ಕೇಳುತ್ತಾರೆ. ನಾನು ಅವಳ ಕಡೆ ತಿರುಗಿ ಕಾಯುತ್ತೇನೆ, ಅವಳೇ ಹೇಳುತ್ತಾಳೆ. "ಇಂಥವರು ಯಾವಾಗಲೂ ಖುಷಿಯಾಗಿರ್ತಾರೆ" ಎನ್ನುವವರಿಗೂ ಒಂದು ಮಾತು. ಇವರಿಗೂ ಬೇಸರ, ಕೋಪ ಎಲ್ಲ ಇದೆ. ಇದ್ದಕ್ಕಿದ್ದಂತೆ ಮೌನವಾದರೆ ಸ್ವಭಾವ ಎಂದು ಬಿಟ್ಟುಬಿಡಬೇಡಿ, ವೈದ್ಯರಿಗೆ ತೋರಿಸಿ.

ಈಗ ಲೆಕ್ಕ ಕಲಿಯುತ್ತಿದ್ದೇವೆ. ಓದಿನಷ್ಟು ವೇಗವಾಗಿ ಅದು ಸಾಗುತ್ತಿಲ್ಲ. ಬಾಯಿಲೆಕ್ಕ ಬಿಟ್ಟು ಕೈಗೆ ಸಿಗುವ ಕಡ್ಡಿ, ಬಿಲ್ಲೆಗಳನ್ನಿಟ್ಟು ಕೂಡುತ್ತೇವೆ. ಐದು ಮತ್ತು ಮೂರು ಸೇರಿದರೆ ಎಂಟು ಎನ್ನುವುದು ಅವಳಿಗೆ ಮೊನ್ನೆಯಿಂದ ಗಟ್ಟಿಯಾಗಿದೆ.