ಗರ್ಭಿಣಿಗೆ ಜ್ವರ ಬಂದಿತ್ತಾ? ಮಗುವಿನ ಮಿದುಳಿನ ಸ್ಕ್ಯಾನ್ ಹೀಗೆ ಮಾಡಿಸಿ

ಮಲೆನಾಡಿನ ಮಳೆಗಾಲದಲ್ಲಿ ಜ್ವರ ಬಂದರೆ ಕಷಾಯ ಕುಡಿದು ಹೊದ್ದು ಮಲಗುವುದು ರೂಢಿ. ಗರ್ಭಿಣಿಗೆ ಅಷ್ಟು ಸಾಲದು. ರುಬೆಲ್ಲಾ, ಸಿಎಂವಿ (ಸೈಟೊಮೆಗಾಲೊ ವೈರಸ್), ಜಿಕಾ ವೈರಸ್‌ಗಳು ತಾಯಿಗೆ ಸಣ್ಣ ಜ್ವರವಾಗಿ ಬಂದು ಹೋದರೂ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪೆಟ್ಟು ಕೊಡಬಲ್ಲವು. ಸೋಂಕು ತಗುಲಿದವರ ಮಕ್ಕಳಿಗೆಲ್ಲ ಹೀಗಾಗುವುದಿಲ್ಲ, ನೆನಪಿರಲಿ. ಜಿಕಾ ನಮ್ಮ ಕಡೆಯದಲ್ಲ ಅನ್ನಬೇಡಿ. 2024ರಲ್ಲಿ ಪುಣೆಯ ಗರ್ಭಿಣಿಯರಲ್ಲೂ ಅದು ಕಂಡುಬಂದಿತ್ತು. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ನೀರೇ ಸಾಕು.

ಮೊದಲು, ಜ್ವರ ಬಂದ ತಾರೀಖನ್ನು ತಾಯಿ ಕಾರ್ಡಿನ ಜೊತೆ ಬರೆದಿಡಿ. ಮೈಮೇಲೆ ದದ್ದು ಎದ್ದಿತ್ತಾ, ಕಣ್ಣು ಕೆಂಪಾಗಿತ್ತಾ, ಅದನ್ನೂ ಬರೆಯಿರಿ. ಮೂರನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ಗರ್ಭಕ್ಕೆ ಎಷ್ಟು ವಾರವಾಯಿತೆಂದು ಅದರಲ್ಲಿ ತಿಳಿಯುತ್ತದೆ, ಆ ಲೆಕ್ಕವೇ ತಪ್ಪಾದರೆ ಮುಂದೆ ಮಗುವಿನ ತಲೆ ನಿಜಕ್ಕೂ ಚಿಕ್ಕದಾ ಎಂದು ಹೇಳುವುದು ಕಷ್ಟ.

ಜೊತೆಗೆ ರಕ್ತ ಪರೀಕ್ಷೆ. ಸ್ಕ್ಯಾನ್‌ನಲ್ಲಿ ವೈರಸ್ ಕಾಣುವುದಿಲ್ಲ, ಅದು ಮಾಡಿದ ಹಾನಿ ಮಾತ್ರ ಕಾಣುತ್ತದೆ. ವರದಿಯಲ್ಲಿ ಐಜಿಜಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ಎಂದಿದ್ದರೆ ಸುಮ್ನೆ ಗಾಬರಿಯಾಗಬೇಡಿ. ಎಂದೋ ಬಂದುಹೋದ ಸೋಂಕಿನ ಗುರುತೂ ಇರಬಹುದು.

ಮುಖ್ಯವಾದದ್ದು ಐದನೇ ತಿಂಗಳ ಸ್ಕ್ಯಾನ್, ಅಂದರೆ 18ರಿಂದ 20 ವಾರದ್ದು. ಪರದೆಯ ಮೇಲೆ ಡಾಕ್ಟರ್ ತಲೆಬುರುಡೆಯ ಸುತ್ತ ಮೊಟ್ಟೆಯಾಕಾರದ ಗೆರೆ ಎಳೆಯುತ್ತಾರಲ್ಲ, ಅದೇ ತಲೆಯ ಸುತ್ತಳತೆ. ಒಳಗೆ ಕಪ್ಪಗೆ ಕಾಣುವುದು ನೀರು ತುಂಬಿದ ಕೋಣೆಗಳು. ಅವುಗಳ ಅಗಲ 10 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಕಾರಣ ಹುಡುಕಬೇಕು, ಕಾರಣ ವೈರಸ್ಸೇ ಆಗಿರಬೇಕೆಂದಿಲ್ಲ. ಆ ಕೋಣೆಗಳ ಗೋಡೆಯಂಚಿನಲ್ಲಿ ಬಿಳಿ ಚುಕ್ಕೆಗಳಿದ್ದರೆ ಅದು ಸುಣ್ಣ ಕಟ್ಟಿದ ಗುರುತು ಇರಬಹುದು, ಸಿಎಂವಿ ಸಂಶಯ ಬರುವುದು ಆಗ. ಹಿಂಭಾಗದ ಕಿರುಮಿದುಳನ್ನೂ ನೋಡುತ್ತಾರೆ. ಮಗುವಿನ ಕರುಳು ಮೂಳೆಯಷ್ಟು ಬೆಳ್ಳಗೆ ಕಂಡರೆ ಅದೂ ಒಂದು ಸುಳಿವೇ.

ಹೆಚ್ಚಿನವರು ಎಡವುವುದು ಇಲ್ಲೇ. ‘ನಾರ್ಮಲ್’ ಅಂದ ಕೂಡಲೇ ಫೈಲ್ ಬೀರು ಸೇರುತ್ತದೆ. ಆದರೆ ಸೋಂಕಿನ ಹಾನಿ ಕಾಣಿಸಿಕೊಳ್ಳಲು ವಾರಗಟ್ಟಲೆ ಬೇಕು. ತಲೆ ಬೆಳೆಯದಿರುವುದು ಏಳೆಂಟನೇ ತಿಂಗಳಲ್ಲಿ ಗೊತ್ತಾಗುವುದೂ ಉಂಟು. ಸೋಂಕು ಖಚಿತವಾಗಿದ್ದರೆ 2ರಿಂದ 4 ವಾರಕ್ಕೊಮ್ಮೆ ಮತ್ತೆ ಸ್ಕ್ಯಾನ್ ಆಗಲೇಬೇಕು. ಹಳೇ ವರದಿಗಳನ್ನೆಲ್ಲ ಒಯ್ಯಿರಿ. ಹೋಲಿಸಿ ನೋಡಲು ಅವು ಬೇಕು.

ಸಂಶಯ ಬಂದರೆ ಭ್ರೂಣ ತಜ್ಞರಿಗೆ ಬರೆಸಿಕೊಳ್ಳಿ. ಶಿವಮೊಗ್ಗದಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಮಳೆಗಾಲದ ಆಗುಂಬೆ ಘಾಟಿ ಗೊತ್ತಲ್ವಾ, ಒಂದು ದಿನ ಮೊದಲೇ ಹೊರಡಿ. ಅಲ್ಲಿ ಗರ್ಭದ ನೀರು ತೆಗೆದು ಪಿಸಿಆರ್, ಅಂದರೆ ವೈರಸ್ ಇದೆಯಾ ಎಂದು ನೋಡುವ ಪರೀಕ್ಷೆ ಮಾಡುತ್ತಾರೆ. ಸಿಎಂವಿ ಆದರೆ ಸೋಂಕು ತಗುಲಿ ಸುಮಾರು 8 ವಾರ ಕಳೆದಿರಬೇಕು, ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬಂದುಬಿಡಬಹುದು. ಕೊನೆಯ ತಿಂಗಳುಗಳಲ್ಲಿ ಎಂಆರ್‌ಐ ಕೂಡ ಹೇಳಬಹುದು. ಗರ್ಭಪಾತದ ಯೋಚನೆ ಬಂದರೆ, 24 ವಾರ ದಾಟಿದ ಮೇಲೆ ವೈದ್ಯಕೀಯ ಮಂಡಳಿ ಒಪ್ಪಬೇಕು, ಅದೂ ಮಗುವಿನಲ್ಲಿ ಗಂಭೀರ ದೋಷವಿದ್ದರೆ. ಹಾಗಾಗಿ ಹಬ್ಬ, ಕೊಯ್ಲು ಅಂತ ದಿನ ದೂಡಬೇಡಿ.

ಹೆರಿಗೆಯಾದ ಮೇಲೂ ಕೆಲಸ ಬಾಕಿ ಇದೆ. ಸಿಎಂವಿ ಸಂಶಯವಿದ್ದರೆ 21 ದಿನದೊಳಗೆ ಮಗುವಿನ ಮೂತ್ರ ಅಥವಾ ಜೊಲ್ಲು ಪರೀಕ್ಷೆ ಮಾಡಿಸಿ. ಕಿವಿ ಪರೀಕ್ಷೆಯನ್ನು ಒಂದು ಸಲಕ್ಕೆ ನಿಲ್ಲಿಸಬೇಡಿ, ಹುಟ್ಟಿದಾಗ ಸರಿಯಿದ್ದ ಕಿವಿ ವರ್ಷಗಳ ನಂತರ ಮಂದವಾಗುವುದೂ ಉಂಟು.